ಅತ್ತೆ ರುಚಿ ನೋಡಿದ ನೀರು

ಕೆಳಗಿನ ಬಾವಿಯ ಕಟ್ಟೆಗೆ ಒರಗಿ ಅತ್ತೆ ಬಾಯಿಗೆ ನೀರು ಹಾಕಿಕೊಂಡಾಗ ಅವರ ಎಡಗೆನ್ನೆ ಮಾತ್ರ ಉಬ್ಬುತ್ತಿತ್ತು. ಬಲಬದಿಯಲ್ಲಿ ಒಂದು ಹುಳುಕು ಹಲ್ಲು. ಚಳಿಗಾಲದ ನೀರು ತಾಗಿದರೆ ಜುಂ ಎನ್ನುತ್ತದೆಂದು ಆ ಬದಿಗೆ ಹನಿಯನ್ನೂ ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಹಾಗೇ ನಿಲ್ಲುವರು. ಮಫ್ಲರಿನಿಂದ ಕಿವಿ ಮುಚ್ಚಿಕೊಂಡ ಮಾವ ಪಂಪಿನ ಸ್ವಿಚ್ಚಿನ ಮೇಲೆ ಕೈಯಿಟ್ಟು ಅವರ ಮುಖವನ್ನೇ ನೋಡುತ್ತಿರುವರು. ನಾನು ಖಾಲಿ ಕೊಡ ಹಿಡಿದು ನಿಂತಿರುವೆ. ಬೆಳಗಿನ ಆ ಹೊತ್ತಿಗೆ ತೋಟದಲ್ಲಿ ಇರುತ್ತಿದ್ದುದು ನಾವು ಮೂವರೇ. ಅತ್ತೆ ನೀರು ಉಗುಳುವ ತನಕ ಯಾರೂ ಮಾತಾಡುವಂತಿಲ್ಲ.

"ಬಂದವ್ರಾ?" ಎಂದು ಮಾವ ಕೇಳುವರು.

"ಇಲ್ಲ. ಬೇಲಿ ಹತ್ರ ನಿಂತವ್ರೆ. ಒಳಗೆ ಬರಲಿಲ್ಲ."

ಬರುವವರು ಅಂದರೆ ಉಪ್ಪು. ನಮ್ಮದು ಮಂಕಿಯಲ್ಲಿ ಹೊಳೆಯ ಬದಿಗೆ ಎಕರೆಗಿಂತ ತುಸು ದೊಡ್ಡ ತೋಟ. ತೆಂಗು, ಆರು ಚಿಕ್ಕು ಮರ, ಎರಡು ಮಾವು, ಕೆಳಗೆ ಮಲ್ಲಿಗೆಯ ಏರಿಗಳು. ಮಳೆ ನಿಂತು ಹೊಳೆ ಸೊರಗಿದ ಮೇಲೆ ಉಬ್ಬರದ ನೀರು ಒಳಗೊಳಗೇ ಹರಿದು ಕೆಳಗಿನ ಬಾವಿಗೆ ಸೇರುತ್ತದೆ. ಒಂದು ದಿನ ಇದ್ದು ಇನ್ನೊಂದು ದಿನ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಜೋರು. ತೆಂಗು ಅದನ್ನು ತಡೆದುಕೊಳ್ಳುತ್ತದೆ, ಮಲ್ಲಿಗೆಗೆ ಆಗದು, ಎಲೆಯ ಅಂಚು ಸುಟ್ಟು ಹೋಗುತ್ತದೆ. ಉಪ್ಪು ಬಂದ ದಿನ ಪಂಪಿನ ನೀರನ್ನು ತೆಂಗಿಗೆ ತಿರುಗಿಸಿ, ಮಲ್ಲಿಗೆಗೆ ಮನೆಯ ಹಿಂದಿನ ಮೇಲಿನ ಬಾವಿಯಿಂದ ಕೊಡದಲ್ಲಿ ಹೊರಬೇಕು. ಆ ಬಾವಿಯ ನೀರು ಸಿಹಿ, ಆದರೆ ಕುಡಿಯಲು, ಅಡಿಗೆಗೆ ಸಾಲುವಷ್ಟೇ. ಹಾಗಾಗಿ ದಿನಾ ಬೆಳಿಗ್ಗೆ ಕೆಳಗಿನ ನೀರನ್ನು ಯಾರಾದರೂ ಬಾಯಿಗೆ ಹಾಕಿ ನೋಡಲೇಬೇಕು. ಅತ್ತೆ ಆ ಮನೆಗೆ ಸೊಸೆಯಾಗಿ ಬಂದ ಎರಡನೇ ವರ್ಷದಿಂದ ಅದು ಅವರ ಕೆಲಸ.

ಸಮುದ್ರವನ್ನು ಅವರು ಆಚೆಮನೆಯವರು ಎನ್ನುತ್ತಿದ್ದರು. ಬೇರೆ ಆಚೆಮನೆ ನಮಗೆ ಇರಲೂ ಇಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ಮನೆಯಿಲ್ಲ. ನಾನು ಕುಮಟೆಯ ಪೇಟೆಯಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬಂಥ ಕಡೆ ಬೆಳೆದವಳು. ನಮ್ಮ ಮನೆಯವರು, ಅತ್ತೆಯ ಮಗ, ಮೀನಿನ ಲಾರಿಯಲ್ಲಿ ಗೋವಾಕ್ಕೂ ಮಂಗಳೂರಿಗೂ ಓಡಾಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಂದರೆ ಬಂದರು. ಮಾವ ಮಾತಾಡುವವರಲ್ಲ. ಚಳಿಗಾಲದ ಮಧ್ಯಾಹ್ನ ಗಾಳಿ ಬಿದ್ದಾಗ ಒಣಗಿದ ತೆಂಗಿನ ಹೆಡೆಯೊಂದು ಗರಿಸಮೇತ ಉದುರಿದರೆ, ಯಾರೋ ಬಂದರೆಂದು ನಾನು ಜಗಲಿಗೆ ಓಡುತ್ತಿದ್ದೆ.

"ಯಾರೂ ಇಲ್ಲ, ಬಾ," ಎಂದು ಅತ್ತೆ ಒಳಗಿನಿಂದಲೇ ಕರೆಯುವರು. "ನಾನೂ ಮೊದಮೊದಲು ಹೀಗೇ ಓಡ್ತಿದ್ದೆ. ನಾಕು ವರ್ಷ ಬೇಕು, ಆಮೇಲೆ ಸಮ ಆತದೆ."

ಅವರ ಮೂಗು ನಾಲಗೆಗಿಂತ ಚುರುಕು. ಮೀನಿನವಳು ಬುಟ್ಟಿ ಇಳಿಸುವ ಮೊದಲೇ, "ಇದು ನಿನ್ನೆಯ ಬಂಗಡೆ. ಮುಂದೆ ಹೋಗು ಮಾರಾಯ್ತಿ," ಎಂದು ಕಳಿಸುವರು. ಅವಳು, "ನಿಮ್ಮ ಮೂಗಿಗೊಂದು ಬಾಗಿಲು ಹಾಕ್ಸಿ ಅಮ್ಮಾ, ನಾವೂ ಬದುಕ್ಬೇಕು," ಎಂದು ಗೊಣಗಿಕೊಂಡೇ ಹೋಗುವಳು. ಆದರೆ ಕೊರೊನಾದ ಮಳೆಗಾಲ ಕಳೆದ ಮೇಲೆ ಅತ್ತೆ ಅವಳ ಹತ್ತಿರ ಚೌಕಾಸಿ ಬಿಟ್ಟರು. ಕೊಟ್ಟಿದ್ದನ್ನು ತೆಗೆದುಕೊಂಡರು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡೆ.

ಗೊತ್ತಾದದ್ದು ಒಂದು ಸಾರಿನಿಂದ, ಆ ವರ್ಷದ ನೀರು ನೋಡುವ ದಿನಗಳು ಶುರುವಾಗುವ ಮೊದಲು. ಅವತ್ತು ಫೋನಿನಲ್ಲಿ ನಮ್ಮ ಮನೆಯವರ ಜೊತೆ ಜಗಳವಾಡುತ್ತ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಮೊದಲು ಉಂಡು, "ಚಲೋ ಆಗ್ಯದೆ," ಎಂದರು. ಆಮೇಲೆ ಮಾವ ಕೂತರು. ಒಂದು ತುತ್ತು ತಿಂದು ತಟ್ಟೆ ಸರಿಸಿದರು.

"ಇದೆಂತ, ಆಸ್ಪತ್ರೆ ಗಂಜಿಯಾ?"

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಅವರೇ ಬಂದು ಕೂತರು.

"ಜ್ವರದ ಜೊತೆ ಹೋದದ್ದು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅನ್ನವೂ ಒಂದೇ, ಹತ್ತಿಯೂ ಒಂದೇ."

"ಆಗಲೇ ಎಂತಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ಅಂಬುಲೆನ್ಸ್ ಬರ್ತಿತ್ತು. ನನ್ನೊಬ್ಳನ್ನೇ ಅದರಲ್ಲಿ ಕೂರ್ಸಿ ಕರ್ಕಂಡು ಹೋಗುದನ್ನ ಊರೆಲ್ಲ ನೋಡ್ತಿತ್ತು. ನಾಲ್ಕು ದಿನಕ್ಕೆ ವಾಪಸು ಬತ್ತದೆ ಅಂದ್ಕಂಡೆ."

"ಈಗ ಹೇಳಿದ್ರೆ ಎಂತಾತದೆ?"

ಅವರು ತುಂಬ ಹೊತ್ತು ಒಂದೇ ಲೋಟವನ್ನು ತಿಕ್ಕಿದರು. "ಈಗ ಹೇಳಿದ್ರೆ ನಾನು ಬೆಳಿಗ್ಗೆ ಎಂತಕೆ ಏಳುದು, ನೀನೇ ಹೇಳು."

ಮಾವ ಜೀವನದಲ್ಲಿ ಅವರನ್ನು ಕೇಳಿ ಮಾಡಿದ ಕೆಲಸ ಆ ನೀರು ತಿರುಗಿಸುವುದೊಂದೇ. ತೋಟದ ಫಸಲಿನ ಮಾರಾಟ, ಮಗನ ಮದುವೆ, ಮನೆಗೆ ಹೆಂಚು ಬದಲಿಸಿದ್ದು, ಯಾವುದನ್ನೂ ಕೇಳಿದವರಲ್ಲ. ದಿನಾ ಬೆಳಿಗ್ಗೆ ಆ ಒಂದು ಗಳಿಗೆ ಮಾತ್ರ ಅವರ ಮುಖ ನೋಡಿಕೊಂಡು ಕಾಯುತ್ತಿದ್ದರು.

ಹಾಗಾಗಿ ನಾವಿಬ್ಬರೂ ಸೇರಿಬಿಟ್ಟೆವು. ಮೊದಲು ನನ್ನ ನಾಲಗೆ ಹದವಾಗಬೇಕಿತ್ತು. ಮಾವ ಪೇಟೆಗೆ ಹೋದ ಮಧ್ಯಾಹ್ನ ಅತ್ತೆ ಅಡಿಗೆಮನೆಯ ನೆಲದ ಮೇಲೆ ಐದು ಲೋಟ ಸಾಲಾಗಿ ಇಟ್ಟರು. ಒಂದರಲ್ಲಿ ಬರೀ ನೀರು, ಉಳಿದವುಗಳಲ್ಲಿ ಒಂದು, ಎರಡು, ಮೂರು, ನಾಲ್ಕು ಹರಳು ಉಪ್ಪು. ನನ್ನನ್ನು ಆಚೆ ಕಳಿಸಿ ಅದಲು ಬದಲು ಮಾಡಿದರು.

"ಗುಟುಕರಿಸ್ಬೇಡ. ನಾಲಗೆ ತುದೀಲಿ ಅಲ್ಲ, ಹಿಂದೆ, ಗಂಟಲ ಹತ್ರ ನಿಲ್ಸು. ಈಗ ಹೇಳು."

"ಎರಡು ಹರಳು."

"ಅದು ಬರೀ ನೀರು. ಕುಮಟೆಯವ್ರಿಗೆ ಎಲ್ಲದರಲ್ಲೂ ಉಪ್ಪೇ ಕಾಣ್ತದೆ ಏನ?"

ತನಗೆ ಸಿಗದ ರುಚಿಯನ್ನು ಅವರು ನನ್ನ ಬಾಯಲ್ಲಿ ಹುಡುಕುತ್ತಿದ್ದರು. ನಾನು ಸರಿ ಹೇಳಿದಾಗ, "ಹ್ಯಾಂಗದೆ? ಮೊದಲು ಸ್ವಲ್ಪ ಸಿಹಿ ಬಂದ ಹಾಗಾತದಾ?" ಎಂದು ಆಸೆಯಿಂದ ಕೇಳುವರು. ಹೌದು, ಮೊದಲು ಸಿಹಿ ಬಂದ ಹಾಗಾಗುತ್ತಿತ್ತು. "ಹಾಂ, ಅದೇ," ಎಂದು ಕಣ್ಣು ಮುಚ್ಚಿಕೊಳ್ಳುವರು. ಹತ್ತು ಹನ್ನೆರಡು ದಿನಕ್ಕೆ ಐದೂ ಲೋಟ ನನಗೆ ಬಂದವು.

ಆಮೇಲಿನದು ಸುಲಭ. ನಾನು ಮುಸುರೆ ನೀರಿನ ನೆಪದಲ್ಲಿ ಮೊದಲೇ ಕೆಳಗಿಳಿದು ರುಚಿ ನೋಡುವುದು. ಉಪ್ಪಿದ್ದರೆ ಕೊಡವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕುವುದು, ಇಲ್ಲದಿದ್ದರೆ ನೆಟ್ಟಗೆ ಇಡುವುದು. ಅತ್ತೆ ಇಳಿದು ಬಂದು, ಕೊಡದ ಮೇಲೆ ಒಂದು ಕಣ್ಣು ಹಾಕಿ, ಎಡಗೆನ್ನೆ ಉಬ್ಬಿಸಿ ನಿಲ್ಲುವರು. ಮೊದಲಿಗಿಂತ ಜಾಸ್ತಿ ಹೊತ್ತೇ ನಿಲ್ಲುತ್ತಿದ್ದರು.

"ಯಕ್ಷಗಾನಕ್ಕೆ ಸೇರಿದ್ರೆ ಒಳ್ಳೆ ವೇಷ ಆಗ್ತಿತ್ತು ಅತ್ತೆ," ಎಂದು ನಾನು ಆಮೇಲೆ ಛೇಡಿಸುತ್ತಿದ್ದೆ.

"ಸುಮ್ನಿರು. ಎದುರುವೇಷ ನೀನು. ಕೊಡ ಇಡುವಾಗ ನಗೂದು ಎಂತಕೆ?"

ಆ ಒಂದು ತಿಂಗಳು ನಾನು ಜಗಲಿಗೆ ಓಡಲಿಲ್ಲ. ಮಾವಿನ ಮರ ಹೂ ಬಿಟ್ಟಾಗ ಅವರನ್ನು ಅದರ ಕೆಳಗೆ ನಿಲ್ಲಿಸಿ ಪರಿಮಳ ಹೇಗಿದೆಯೆಂದು ಹೇಳಲು ಹೊರಟೆ. ನನಗೆ ಹೇಳಲು ಬರಲಿಲ್ಲ. "ಇರಲಿ ಬಿಡು, ಕಣ್ಣಿಗೆ ಕಾಣ್ತದಲ್ಲ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಪುಷ್ಯದ ಹುಣ್ಣಿಮೆ ಹತ್ತಿರ ಬಂದಾಗ ಕುಮಟೆಯಲ್ಲಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ನಾನು ಹೋಗಲೇಬೇಕಾಯಿತು. ಅತ್ತೆ ಬಸ್ಸಿನ ತನಕ ಬಂದರು. "ಇಲ್ಲಿಯ ಚಿಂತೆ ಬೇಡ, ನಾ ಹ್ಯಾಂಗೋ ಸುಧಾರಿಸ್ತೆ. ತಾಯಿ ನೋಡ್ಕ," ಎಂದರು.

ಆರನೆಯ ದಿನ ವಾಪಸು ಬಂದಾಗ ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕೂತು ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕೊಡ ತಾಗುವ ಜಾಗ ಕಪ್ಪುಗಟ್ಟಿತ್ತು. ಹೇಳದೆಯೇ ಅರ್ಥವಾಯಿತು. ನೀರು ಹೇಗಿದೆಯೆಂದು ಅವರಿಗೆ ತಿಳಿಯುವಂತಿರಲಿಲ್ಲ. ಸಿಹಿ ಎಂದು ಹೇಳಿ ಗಿಡ ಸುಟ್ಟರೆ? ಅದಕ್ಕೇ ದಿನಾ ಬೆಳಿಗ್ಗೆ, "ಬಂದವ್ರೆ," ಎಂದರು. ಆಮೇಲೆ ಒಬ್ಬರೇ ಮೇಲಿನ ಬಾವಿಯಿಂದ ಮಲ್ಲಿಗೆಗೆ ನೀರು ಹೊತ್ತರು. ಐದು ದಿನ, ದಿನಕ್ಕೆ ಐವತ್ತು ಕೊಡವಾದರೂ ಆಗಿರಬೇಕು.

ನಾನು ಚೀಲ ಕೆಳಗಿಡುವುದಕ್ಕೂ ಮಾವ ಕುಡಿಯುವ ನೀರಿಗೆಂದು ಮೇಲಿನ ಬಾವಿಗೆ ಕೊಡ ಬಿಡುವುದಕ್ಕೂ ಸರಿಹೋಯಿತು. ಕೊಡದಲ್ಲಿ ಕೆಂಪು ಕೆಸರು ಬಂತು. ಬಾವಿ ಬತ್ತಿತ್ತು. ಏಪ್ರಿಲ್ ಕೊನೆಯ ತನಕ ಬರಬೇಕಾದ ನೀರು ಜನವರಿಯಲ್ಲೇ ಮುಗಿದಿತ್ತು. ಮಾವ ಕೊಡವನ್ನು ಅಲ್ಲೇ ಬಿಟ್ಟು ಕೆಳಗಿನ ಬಾವಿಗೆ ಇಳಿದು ಹೋದರು. ನೀರು ಸೇದಿ, ಬೊಗಸೆಯಲ್ಲಿ ಕುಡಿದರು. ಸ್ವಲ್ಪ ಹೊತ್ತು ನಿಂತು ಇನ್ನೊಮ್ಮೆ ಕುಡಿದರು. ಮೇಲೆ ಬಂದು ಮೆಟ್ಟಿಲ ಕೆಳಗೆ ನಿಂತರು.

"ನೀರು ಸಿಹಿ ಅದೆ."

"ಇವತ್ತು ಹೋಗಿರ್ಬೇಕು," ಅತ್ತೆ ಎಂದರು.

"ಉಪ್ಪು ಬಂದು ಹೋದ ಬಾವಿ ಹೀಗಿರುದಿಲ್ಲ. ನಿಂಗೆ ಗೊತ್ತಾಗುದಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಅತ್ತೆ ಎಣ್ಣೆಯ ಬಟ್ಟಲನ್ನು ಮುಚ್ಚಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮೂವರೂ ಕೆಳಗಿಳಿದೆವು. ಅತ್ತೆ ಎಂದಿನಂತೆ ಕಟ್ಟೆಯ ಹತ್ತಿರ ನಿಂತರು. ಮಾವ ನೀರು ಸೇದಿ, ಕರಟದಲ್ಲಿ ತುಂಬಿಸಿ, "ತಂಗೀ, ನೀನು ನೋಡು," ಎಂದು ನನ್ನ ಕಡೆ ಹಿಡಿದರು. ನಾನು ತೆಗೆದುಕೊಂಡೆ. ಕಣ್ಣು ಮುಚ್ಚಿದೆ. ಗಂಟಲ ಹತ್ತಿರ ನಿಲ್ಲಿಸಿದೆ. ಒಳ್ಳೆಯ ವಿದ್ಯಾರ್ಥಿಯ ಹಾಗೆ ಸರಿಯಾಗಿಯೇ ಹೇಳಿದೆ. ಕಣ್ಣು ಬಿಟ್ಟಾಗ ಅತ್ತೆ ಅಲ್ಲಿರಲಿಲ್ಲ.

ಆಮೇಲೆ ಅವರು ಕೆಳಗಿನ ಬಾವಿಗೆ ಬರಲಿಲ್ಲ. ಬಿಸಿಲು ಜಗಲಿಗೆ ಬಂದ ಮೇಲೆ ಏಳುವರು. ನನ್ನ ಜೊತೆ ಮುನಿಸಿರಲಿಲ್ಲ. ಕಾಯಿ ತುರಿದು ಕೊಡುವರು, ಬಟ್ಟೆ ಮಡಚುವರು, ಮೀನಿನವಳಿಗೆ, "ನಮ್ಮ ಸೊಸೆಯನ್ನು ಕೇಳು," ಎನ್ನುವರು. ಮನೆಯಲ್ಲಿ ಗುಟ್ಟು ಅನ್ನುವುದು ಇಲ್ಲವಾಯಿತು. ಹೆಡೆ ಉದುರಿದ ಸದ್ದಿಗೆ ನಾನು ಮತ್ತೆ ಜಗಲಿಗೆ ಓಡತೊಡಗಿದೆ. ಅತ್ತೆ ಅಲ್ಲೇ ಕೂತಿದ್ದರೂ ಯಾರೂ ಇಲ್ಲ, ಬಾ ಎನ್ನುತ್ತಿರಲಿಲ್ಲ.

ಒಮ್ಮೆ ಮಾತ್ರ ಆ ಮಾತೆತ್ತಿದರು. ಅಬ್ಬಲಿಗೆ ಹೂ ಕಟ್ಟುತ್ತ ಕೂತಿದ್ದೆವು.

"ನೀ ಕರಟ ತಗಂಡದ್ದು ಚಲೋ ಆತು. ಕೆಲಸ ನಿಲ್ಲಬಾರ್ದು," ಎಂದರು. ದಾರ ಹಲ್ಲಿನಿಂದ ಕಡಿದರು. "ಆದ್ರೆ ತಗಳುವಾಗ ಒಂದ್ಸಲ ನನ್ನ ಬದಿ ನೋಡ್ಬೇಕಿತ್ತು, ತಂಗಿ."

ನನ್ನ ನಾಲಗೆಗೆ ಅಕ್ಷರ ತಿದ್ದಿಸಿದವರು ಅವರು. ಅದನ್ನು ಅವರ ಎದುರೇ, ಅವರ ಜಾಗದಲ್ಲಿ ನಾನು ಮೊದಲ ಸಲ ಉಪಯೋಗಿಸಿದ್ದು ಹಾಗೆ.

ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಅವರು ತೀರಿಕೊಂಡರು. ಎದೆನೋವೆಂದು ಹೊನ್ನಾವರಕ್ಕೆ ಕರೆದುಕೊಂಡು ಹೋದ ಮೂರನೇ ದಿನ. ರುಚಿ ಕೊನೆಗೂ ವಾಪಸು ಬಂದಿರಲಿಲ್ಲ.

ಆ ವರ್ಷ ಚಳಿ ಬಿದ್ದು, ಕೆಳಗಿನ ಬಾವಿಯ ನೀರು ನೋಡುವ ದಿನಗಳು ಬಂದವು. ಒಂದು ಬೆಳಿಗ್ಗೆ ನಾನು ಇಳಿದು ಹೋಗುವಾಗ ಮಾವ ಮಲ್ಲಿಗೆಯ ಏರಿಯಲ್ಲಿದ್ದರು. ಅರ್ಧದಷ್ಟು ಗಿಡಗಳನ್ನು ಬುಡಸಹಿತ ಅಗೆದು ಬದಿಗೆ ಹಾಕಿದ್ದರು. ಗುಂಡಿಗಳ ಪಕ್ಕ ತೆಂಗಿನ ಸಸಿಗಳಿದ್ದವು. ನನ್ನನ್ನು ನೋಡಿ, "ನೀ ಮನೆಗೆ ಹೋಗು, ತಂಗಿ. ಇನ್ನು ನೀರು ನೋಡುದು ಬೇಡ. ತೆಂಗಿಗೆ ಯಾವ ನೀರಾದ್ರೂ ಆತದೆ," ಎಂದರು. ಸಂಜೆಯ ಒಳಗೆ ಉಳಿದ ಮಲ್ಲಿಗೆಯನ್ನೂ ಕಿತ್ತು, ಹದಿನಾಲ್ಕು ಸಸಿ ನೆಟ್ಟು ಮುಗಿಸಿದರು.