ಗೋಡೆಯ ಸ್ವಿಚ್ಚು

ಮಗಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳಕು ಹರಿಯುವ ಮೊದಲೇ ಹೋಗಿ, ಸಾಲಾಗಿ ಕೂತವರ ತೋಳಿನಿಂದ ರಕ್ತ ತೆಗೆಯಬೇಕು. ಮನೆಗೆ ಬಂದರೆ ಅಮ್ಮನ ಮಾತ್ರೆ, ಅಮ್ಮನ ಕಾಲುನೋವು, ಅಮ್ಮನ ಡಾಕ್ಟರು. ಉಸಿರಾಡಲೂ ಪುರುಸೊತ್ತಿಲ್ಲ. ಅಮ್ಮನನ್ನು ತೋರಿಸಿಕೊಂಡು ಬರಲೆಂದು ರಜೆ ಹಾಕಿ ಹಾಕಿ, ಇನ್ನೊಂದು ರಜೆ ಕೇಳಿದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬುಧವಾರದ ತಪಾಸಣೆಗೆ ಕಂಪ್ಯೂಟರಿನಲ್ಲೇ ಮುಖ ನೋಡಿ ಮಾತಾಡಬಹುದೆಂದು ಡಾಕ್ಟರು ಒಪ್ಪಿದರು. ಅಮ್ಮ ಅದನ್ನೊಂದು ತಾನೇ ಮಾಡಿಕೊಂಡರೆ ಮಗಳ ಕೆಲಸ ಉಳಿಯುತ್ತಿತ್ತು.

ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಲ್ಯಾಬಿನ ಕಂಪ್ಯೂಟರ್ ರಿಪೇರಿಯವನು ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಟ್ಟು, ಎಂಥ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಎಲ್ಲಾ ಕನ್ನಡದಲ್ಲೇ ಬರುತ್ತದೆ ಎಂದ. ಬಂತು, ಇಲ್ಲವೆನ್ನುವಂತಿಲ್ಲ. ಫೋಲ್ಡರಿಗೆ ಕಡತಕೋಶವಂತೆ, ಸೆಟ್ಟಿಂಗ್ಸಿಗೆ ಸಿದ್ಧತೆಗಳಂತೆ! ಅಮ್ಮ ಕನ್ನಡಕ ಏರಿಸಿ ಒಂದೊಂದನ್ನೂ ಓದಿ, ಇದು ಯಾರ ಮನೆಯ ಕನ್ನಡ ಎಂದು ಕೇಳಿದಳು. ಮಗಳು ಅದನ್ನೆಲ್ಲ ಮರೆಮಾಡಿ, ಪರದೆಯ ನಡುವೆ ಡಾಕ್ಟರ ಮುಖದ ಚಿತ್ರವೊಂದನ್ನೇ ಉಳಿಸಿದಳು. ಅದನ್ನು ಒತ್ತಿದರೆ ಸಾಕು, ಕರೆ ಹೋಗುತ್ತದೆ.

ಆದರೂ ಮನೆಯ ಆ ಹಳೆಯ ಲ್ಯಾಪ್‌ಟಾಪು ಮೇಲಿಂದ ಮೇಲೆ ಕೆಟ್ಟು ಕೂರುತ್ತಿತ್ತು. ಕಾರಣ ಅಮ್ಮನೇ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು; ಅಮ್ಮ ಕೋಣೆಯಿಂದ ಏಳುವಾಗಲೆಲ್ಲ ಗೋಡೆಯ ಸ್ವಿಚ್ಚು ಇಳಿಸಿಬಿಡುತ್ತಿದ್ದಳು. ಓಡುತ್ತಿದ್ದ ಯಂತ್ರ ಗಕ್ಕನೆ ನಿಲ್ಲುತ್ತಿತ್ತು, ಮರುದಿನ ಏಳುತ್ತಿರಲಿಲ್ಲ. ಹೇಳಿ ಹೇಳಿ ಮಗಳಿಗೆ ಸಾಕಾಗಿಹೋಗಿತ್ತು. ಇದ್ದ ಒಂದು ಭಾನುವಾರವೂ ಅದರ ರಿಪೇರಿಗೇ ಹೋದಾಗ ತಡೆಯಲಾಗಲಿಲ್ಲ.

"ಮೊದಲು ಇಲ್ಲಿ ಒತ್ತಿ ಮುಚ್ಚು, ಆಮೇಲೆ ಸ್ವಿಚ್ಚು. ಇಷ್ಟೂ ಆಗಲ್ವೇನಮ್ಮ ನಿನಗೆ?"

ಅಮ್ಮ ನೂಲಿನ ಮಿಲ್ಲಿನಲ್ಲಿ ದುಡಿದು ಮುದುಕಿಯಾದವಳು. ಗೋಡೆಯ ಸ್ವಿಚ್ಚಿನತ್ತ ನೋಡಿದಳು.

"ಮಿಲ್ಲಲ್ಲಿ ಒಂದಿನ ಕರೆಂಟು ಹೋಗಿತ್ತು. ಪಕ್ಕದ ಮಷಿನ್ನವಳು ಸಿಕ್ಕಿಕೊಂಡ ನೂಲು ಬಿಡಿಸ್ತಿದ್ಳು. ಸ್ವಿಚ್ಚು ಯಾರೂ ಇಳಿಸಿರಲಿಲ್ಲ. ಕರೆಂಟು ಬಂತು, ಅವಳ ಬೆರಳು ಹೋಯ್ತು. ಅವತ್ತಿಂದ ನನ್ನ ಕೈ ತಾನಾಗೇ ಹೋಗುತ್ತೆ ಕಣೆ. ನಾನೇನು ಮಾಡ್ಲಿ?"

ಮಗಳ ಸಿಟ್ಟು ಜರ್ರನೆ ಇಳಿಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಮಾತು ಅವಳಿಗೆ ಗೊತ್ತಿರಲಿಲ್ಲ. ಅಮ್ಮನನ್ನು ತಿದ್ದುವ ಆಸೆ ಬಿಟ್ಟು, ಯಂತ್ರವನ್ನೇ ತಿದ್ದೋಣವೆಂದು ರಿಪೇರಿಯವನಿಗೆ ಫೋನು ಮಾಡಿದಳು. ಅವನ ಹಳೆಯ ಸಾಮಾನಿನಲ್ಲಿ ಅಷ್ಟಿಷ್ಟು ಜೀವ ಉಳಿದಿದ್ದ ಬ್ಯಾಟರಿಯೊಂದು ಸಿಕ್ಕಿತು. ಲಿನಕ್ಸ್ ಹೇಳಿದ ಮಾತು ಕೇಳುತ್ತದೆ: ಗೋಡೆಯ ಕರೆಂಟು ನಿಂತದ್ದು ತಿಳಿದ ಕೂಡಲೇ, ಎಲ್ಲವನ್ನೂ ಒಪ್ಪವಾಗಿ ಮುಚ್ಚಿಕೊಂಡು ಮಲಗು ಎಂದು ಅವನು ಹೇಳಿಕೊಟ್ಟಂತೆ ಅದರೊಳಗೆ ಬರೆದಿಟ್ಟಳು. ಅಮ್ಮ ಸ್ವಿಚ್ಚು ಇಳಿಸಿದಳು. ಯಂತ್ರ ಸದ್ದಿಲ್ಲದೆ ಮಲಗಿತು. ಮರುದಿನ ಎದ್ದಿತು.

ಬುಧವಾರ ಮಗಳ ಕೈ ಸೂಜಿಯ ಮೇಲಿದ್ದರೂ ಜೀವವೆಲ್ಲ ಮನೆಯಲ್ಲಿತ್ತು. ಜೇಬಿನ ಫೋನು ಬಹಳ ಹೊತ್ತು ಸುಮ್ಮನಿತ್ತು. ಕೊನೆಗೆ ಅದು ಬಡಿದುಕೊಂಡಿತು. ಯಂತ್ರ ಮತ್ತೆ ಕೆಟ್ಟಿತು, ಇನ್ನು ಕೆಲಸ ಹೋಯಿತೆಂದೇ ಎಣಿಸಿ ಎತ್ತಿದಳು.

"ಡಾಕ್ಟರು ಸಿಕ್ಕಿದ್ರು. ನನ್ನದೆಲ್ಲಾ ಸರಿಯಿದೆಯಂತೆ," ಎಂದಳು ಅಮ್ಮ. "ಇನ್ನೂ ಟೈಮಿತ್ತು, ನಿನ್ನ ವಿಷಯ ಹೇಳ್ದೆ. ಕೂತಲ್ಲೇ ತೂಕಡಿಸ್ತಾಳೆ, ಊಟ ಸೇರಲ್ಲ, ಮಾತೆತ್ತಿದರೆ ರೇಗ್ತಾಳೆ ಅಂದೆ. ರಕ್ತ ಪರೀಕ್ಷೆ ಮಾಡಿಸ್ಬೇಕಂತೆ."

"ನಾನಿರೋದೇ ಲ್ಯಾಬಲ್ಲಿ ಅಮ್ಮ."

"ಅದಕ್ಕೇ ಫೋನ್ ಮಾಡಿದ್ದು. ಇವತ್ತೇ ಕೊಟ್ಟು ಬಾ."

ಸಾಲು ಕರಗಿದ ಮೇಲೆ ಮಗಳು ಜೊತೆಯವಳನ್ನು ಕರೆದು, ರೋಗಿಗಳ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ರಕ್ತ ತೆಗೆದು, ಹತ್ತಿ ಒತ್ತಿ, ಜೊತೆಯವಳು ಆಯಿತು ಏಳು ಎಂದಳು. ಮಗಳಿಗೆ ಏಳಬೇಕೆನಿಸಲಿಲ್ಲ.