ಗಳ ಕೇಳಲು ಬಂದವರು

ಗಂಡ ತೀರಿಕೊಂಡ ಮೇಲೆ ನಾನು ಇಚಲಕರಂಜಿ ಬಿಟ್ಟು ಗಡಹಿಂಗ್ಲಜಕ್ಕೆ ಬಂದೆ. ಊರಂಚಿನಲ್ಲಿ ಅವರು ಹಿಂದೆಯೇ ಕೊಂಡಿಟ್ಟಿದ್ದ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆ. ನಮಗೆ ಮಕ್ಕಳಿಲ್ಲ. ಇಚಲಕರಂಜಿಯ ಓಣಿಯಲ್ಲಿ ಸದಾ ಮಗ್ಗಗಳ ಸದ್ದು. ಪಕ್ಕದವರ ಜೊತೆ ಮಾತಾಡಲೂ ಕೂಗಬೇಕಿತ್ತು. ಇಲ್ಲಿ ಮಧ್ಯಾಹ್ನ ಹಲ್ಲಿ ಲೊಚಗುಟ್ಟಿದರೂ ಬೆಚ್ಚಿಬೀಳುತ್ತಿದ್ದೆ. ಗಾಳಿಗೆ ಚೂರು ಸದ್ದು ಮಾಡುವ ಗಿಡ ಕೊಡಿ ಎಂದು ನರ್ಸರಿಯಲ್ಲಿ ಕೇಳಿದಾಗ, ಅಂಗಳವನ್ನೆಲ್ಲ ಆಕ್ರಮಿಸದೆ ಒಂದೇ ಕಡೆ ಮೆಳೆಯಾಗಿ ಬೆಳೆಯುವ, ಮುಳ್ಳಿಲ್ಲದ ಬಿದಿರಿನ ಸಸಿ ಕೊಟ್ಟರು.

ಮೊದಲ ಬೇಸಿಗೆ ಅಕ್ಕಿ ತೊಳೆದ ನೀರು, ಸ್ನಾನದ ನೀರು ಎಲ್ಲ ಅದಕ್ಕೇ ಹಾಕಿದೆ. ಉದುರಿದ ಎಲೆ ಗುಡಿಸದೆ ಬುಡಕ್ಕೇ ಬಿಟ್ಟೆ. ಮಳೆಗಾಲದಲ್ಲಿ ಕಳಲೆ ನೆಲ ಒಡೆದು ಬಂದಾಗ ಕೊಡೆ ಹಿಡಿದು ಎದುರಿಗೇ ನಿಂತಿರುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಬಿದಿರಿನ ಗಳಗಳು ದಪ್ಪವಾದವು.

ಒಂದು ದಿನ ಎದುರು ಮನೆಯಾಕೆ ಗೇಟಿನ ಹೊರಗೇ ನಿಂತು ಹೇಳಿದಳು: "ವೈನಿ, ಮನಿ ಮುಂದ ಬಿದರ ಹಚ್ಚಬಾರದ್ರಿ. ಅದು ಸತ್ತೋರನ್ನ ಹೊರೂ ಕಟಗಿ."

"ಹಚ್ಚಿ ಆತಲ್ರಿ ಈಗ," ಎಂದೆ.

ಆಕೆಯ ಮಾತೇ ನಿಜವಾಯಿತು. ಹಿಂದಿನ ಓಣಿಯವರೊಬ್ಬರು ಒಂದು ಬೆಳಿಗ್ಗೆ ಕೊಡಲಿ ಹಿಡಿದು ಬಂದರು. "ಅಕ್ಕಾರ, ಎರಡ ಹಸಿ ಗಳ ಬೇಕಾಗಿದ್ವು. ನಮ್ಮ ಕಾಕಾ ಹೋದ್ರು." ನಡುವಿನ ಹಳೆಯ ಗಳಗಳನ್ನು ತೋರಿಸಿದೆ. ಹೊರಗಿನ ಎಳೆಯವನ್ನು ಮುಟ್ಟಬಾರದು, ಹಳೆಯವನ್ನು ತೆಗೆದರೆ ಮೆಳೆಗೂ ಗಾಳಿ ಬೆಳಕು. ಅಂದಿನಿಂದ ಸುತ್ತಮುತ್ತ ಯಾರು ಸತ್ತರೂ ಚಟ್ಟಕ್ಕೆ ಗಳ ನನ್ನ ಅಂಗಳದಿಂದಲೇ ಹೋಗತೊಡಗಿತು. ಬಂದವರು ಸತ್ತವರ ವಿಷಯ ನಾಲ್ಕು ಮಾತು ಹೇಳುತ್ತಿದ್ದರು. ಸೂತಕವೆಂದು ನೀರು ಕೂಡ ಕುಡಿಯುತ್ತಿರಲಿಲ್ಲ. ಆದರೂ ಅದೇ ನನ್ನ ಮನೆಗಿದ್ದ ಬಂದುಹೋಗುವಿಕೆ.

ಆಮೇಲೆ ಊರಿಗೆ ಶವ ಒಯ್ಯುವ ಗಾಡಿ ಬಂತು. ಅದರಲ್ಲೇ ಸ್ಟೀಲಿನ ಚಟ್ಟವೂ ಇತ್ತು. ನನ್ನ ಗೇಟು ಸುಮ್ಮನಾಯಿತು. ಯಾರ ಸಾವನ್ನೂ ನಾನು ಬಯಸಿದವಳಲ್ಲ. ಆದರೆ ಬೆಳಿಗ್ಗೆ ಚಹಾ ಕುಡಿಯುವಾಗ ಕಿವಿ ಚಿಲಕದ ಕಡೆಗೇ ಇರುತ್ತಿತ್ತು.

ಮೆಳೆಯ ನಡು ಇಕ್ಕಟ್ಟಾಗಿ ಒಣಗತೊಡಗಿತು. ಒಂದು ಚಳಿಗಾಲ ನಾನೇ ಗರಗಸ ಹಿಡಿದು ಕೂತೆ. ನೆಲದಿಂದ ಒಂದು ಗೆಣ್ಣು ಬಿಟ್ಟು, ಮಳೆನೀರು ನಿಲ್ಲದ ಹಾಗೆ ಗೆಣ್ಣಿನ ಮೇಲೆಯೇ ಕೊಯ್ದೆ. ಕೊಯ್ದ ಗಳಗಳನ್ನು ಗೇಟಿನ ಹೊರಗೆ ಒಟ್ಟಿ, ಬೇಕಾದವರು ಒಯ್ಯಿರಿ ಎಂದೆ. ಒಬ್ಬರೂ ಮುಟ್ಟಲಿಲ್ಲ. ಚಟ್ಟದ ಮೆಳೆಯ ಬಿದಿರನ್ನು ಬಟ್ಟೆ ಒಣಗಿಸಲು ಯಾರು ಕಟ್ಟಿಕೊಳ್ಳುತ್ತಾರೆ?

ಮುಂಗಾರು ಹತ್ತಿರವಾದಾಗ ಕೋವಾಡದ ಕಡೆಯ ರೈತನೊಬ್ಬ ಆ ದಾರಿಯಲ್ಲಿ ಹೋಗುತ್ತಿದ್ದವನು ಟೆಂಪೋ ನಿಲ್ಲಿಸಿದ.

"ಅಕ್ಕಾರ, ಈ ಗಳ ಮಾರೂವೇನ್ರಿ? ಹೀರಿಕಾಯಿ ಚಪ್ಪರಕ್ಕ ಬೇಕಾಗಿದ್ವು."

"ಹಂಗ ಒಯ್ರಿ. ಆದ್ರ ಒಂದ ಮಾತ ಹೇಳ್ತೇನಿ. ಊರ ಮಂದಿ ಇದನ್ನ ಚಟ್ಟಕ್ಕ ಒಯ್ತಿದ್ರು."

ಅವನು ನಕ್ಕ. "ನಮ್ಮವ್ವನ ಬುಟ್ಟಿನೂ ಬಿದರಂದ ಐತ್ರಿ. ಬಿದರಿಗೇನ ಗೊತ್ತ?"

ಅವನಿಗೆ ಬದುವಿನ ಮೇಲೆ ಹಚ್ಚಲು ಒಂದು ಗಿಡವೂ ಬೇಕಿತ್ತು. ಹಿಂದಿನ ವರ್ಷದ ಒಂದು ಗಳವನ್ನು ಮೋಟು ಮಾಡಿ, ಗಡ್ಡೆಸಮೇತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟೆ. ಏನಾದರೂ ಕೇಳಬೇಕಾದರೆ ಇರಲಿ ಎಂದು ನನ್ನ ಫೋನ್ ನಂಬರ್ ಬರೆದುಕೊಂಡ. ಮರುವರ್ಷದ ಮಳೆಯಲ್ಲಿ ಫೋನ್ ಬಂತು: "ಅಕ್ಕಾರ, ಕಳಲಿ ಹೊಂಟಾವ! ಬಂದ ನೋಡ್ರಿ ಒಮ್ಮೆ."

ಬಸ್ಸು ಹಿಡಿದು ಹೋದೆ. ಅವರ ಮನೆಯವರೆಲ್ಲ ಭತ್ತದ ನಾಟಿಯಲ್ಲಿದ್ದರು. ಮಳೆಗೆ ಬಿದಿರಿನ ಬುಡದ ಮಣ್ಣು ಕೊಚ್ಚಿಹೋಗಿತ್ತು. ಸೀರೆ ಎತ್ತಿಕಟ್ಟಿ ಕೈಯಿಂದಲೇ ಮಣ್ಣೇರಿಸಿದೆ. ನಾಟಿ ಮುಗಿಸಿ ಎಲ್ಲರೂ ಮನೆಗೆ ಬಂದ ಮೇಲೆ ಅವನ ತಾಯಿ ಒಲೆಯ ಮುಂದೆ ಕೂಡಿಸಿ ರೊಟ್ಟಿ ಬಡಿಸಿದರು.

"ಮನ್ಯಾಗ ಯಾರ್‍ಯಾರ ಅದೀರಿ?"

"ನಾ ಒಬ್ಬಾಕಿನ್ರಿ."

"ಹಂಗಾರ ಇವತ್ತ ಇಲ್ಲೇ ಇರವಾ. ನಾಳೆ ಹೋದ್ರಾತು."

"ಇಲ್ರಿ, ಗಿಡಕ್ಕ ನೀರ ಹಾಕಬೇಕು," ಎಂದುಬಿಟ್ಟೆ.

ಮುದುಕಿ ಸೂರಿನಿಂದ ಧೋ ಎಂದು ಇಳಿಯುತ್ತಿದ್ದ ನೀರನ್ನು ನೋಡಿ ನಕ್ಕರು. "ಇಂಥಾ ಮಳ್ಯಾಗ ಯಾವ ಗಿಡಕ್ಕ ನೀರ ಹಾಕತಿ ತಂಗಿ?"

ಮಗನೂ ನಕ್ಕ, ನಾನೂ ನಕ್ಕೆ. ಆದರೆ ಅಷ್ಟರಲ್ಲಿ ಎದ್ದುನಿಂತಾಗಿತ್ತು. ಮತ್ತೆ ಕೂಡುವುದು ಹೇಗೆಂದು ತಿಳಿಯಲಿಲ್ಲ.

ಅವನೇ ಕೊಡೆ ಹಿಡಿದು ಬಸ್ಸಿನ ತನಕ ಬಂದ. ಬಸ್ಸು ಊರು ದಾಟಿದ ಮೇಲೆ ಅನಿಸಿತು, ಉಳಿಯಲು ನನಗೆ ಭಾಳ ಮನಸ್ಸಿತ್ತು. ಬೇಡ ಅನ್ನುವುದು ಬಾಯಿಗೆ ರೂಢಿಯಾಗಿತ್ತು, ಅಷ್ಟೇ. ಮುದುಕಿ ಕಟ್ಟಿಕೊಟ್ಟ ರೊಟ್ಟಿ ಮಡಿಲಲ್ಲಿ ಇನ್ನೂ ಬಿಸಿಯಾಗಿತ್ತು.