ರೇಡಿಯೇಟರಿನ ನೀರು, ಪುಂಡಿಯ ಗಿಡ

ಸ್ಕಾಟ್ಲೆಂಡಿನ ಈ ಬಾಡಿಗೆ ಮನೆಗೆ ಬಂದ ದಿನ ಕಿಟಕಿಯ ಕೆಳಗಿನ ಬಿಳಿ ಕಬ್ಬಿಣವನ್ನು ಮುಟ್ಟಿದೆ, ಕೈ ಚುರ್ರೆಂದಿತು. ಹೊಗೆಯಿಲ್ಲ, ಬೆಂಕಿಯಿಲ್ಲ. ಇದಕ್ಕೆ ರೇಡಿಯೇಟರ್ ಎನ್ನುತ್ತಾರೆ. ಒಳಗೆ ಬಿಸಿನೀರು ಹರಿದು ಕೋಣೆ ಕಾಯುತ್ತದೆ. ಅಯ್ಯ ನಮ್ಮಪ್ಪಾ! ನಮ್ಮ ದೋರನಹಳ್ಳಿಯಲ್ಲಿ ಗೋಡೆ ತಾನಾಗಿಯೇ ಕಾದು, ಜನ ಮಾಳಿಗೆ ಹತ್ತಿ ಮಲಗುತ್ತಾರೆ.

ನಮ್ಮವರು ಇಲ್ಲಿ ಬಸ್ಸು ಓಡಿಸುತ್ತಾರೆ, ನಾನು ಮುದುಕರ ಆರೈಕೆಯ ಮನೆಯಲ್ಲಿ ನರ್ಸ್. ಬಂದ ವರ್ಷವೇ ಬಸುರಿಯಾದೆ. ಅನ್ನ ಸೇರದು, ಬ್ರೆಡ್ಡು ಸೇರದು. ಹುಳಿ ಹುಳಿ ಪುಂಡಿಪಲ್ಯ, ಜೋಳದ ರೊಟ್ಟಿ ಅಷ್ಟೇ ಬೇಕು. ಊರಲ್ಲಾದರೆ ಬಸುರಿಯ ಬಯಕೆ ಇಡೀ ಓಣಿಯ ಕೆಲಸ. ಇಲ್ಲಿ ಯಾರನ್ನು ಕೇಳಲಿ? ಅವ್ವ ಕಟ್ಟಿಕೊಟ್ಟಿದ್ದ ಪುಂಡಿ ಬೀಜ ಕುಂಡಕ್ಕೆ ಹಾಕಿ, ರೇಡಿಯೇಟರಿನ ಕಾವಿಗೆ ಕಿಟಕಿಯಲ್ಲಿಟ್ಟೆ. ಪುಂಡಿ ಗೇಣುದ್ದ ಬಂತು. ದಿನಾ ಎಲೆ ಎಣಿಸುತ್ತಾ ಕಾದೆ.

ಅಷ್ಟರಲ್ಲಿ ರೇಡಿಯೇಟರಿನ ಬುಡದ ನಟ್ಟಿನಿಂದ ಹನಿ ಹನಿಯಾಗಿ ನೀರು ಸೋರತೊಡಗಿತು.

“ಮಾಲಕಗ ಹೇಳಬ್ಯಾಡ,” ಎಂದರು ನಮ್ಮವರು. “ಶಹಾಪುರದಾಗ ನಳ ಸೋರ್ತದ ಅಂದಾಗ ಅಲ್ಲಿ ಮಾಲಕ ಏನಂದ? ‘ಹಂಗಾರ ಮನಿ ಖಾಲಿ ಮಾಡ್ರಿ’ ಅನ್ಲಿಲ್ಲೇನು?” ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದರು. ಸೋರುವುದು ನಿಲ್ಲಲಿಲ್ಲ. ಕೆಳಗೆ ಚರಗಿ ಇಟ್ಟೆ. ನಳ ಬಂದ ದಿನ ಕೊಡ ಸಾಲಿಟ್ಟು ಬೆಳೆದವಳು ನಾನು. ನೀರು ಚೆಲ್ಲಿದರೆ ಜೀವ ಚುರುಕ್ ಎನ್ನುತ್ತದೆ. ಚರಗಿ ತುಂಬಿದಾಗೆಲ್ಲ ಪುಂಡಿಗೆ ಸುರಿದೆ. ಎಂಥ ಜಾಣೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗಿ, ಗಿಡ ಸುಟ್ಟಂತೆ ಒಣಗಿತು. ಕುಂಡದ ಮುಂದೆ ಕೂತು ಗೊಳೋ ಎಂದು ಅತ್ತೆ.

ಆಗಲೇ ಬಾಗಿಲು ಬಡಿಯಿತು. ಕೆಳಗಿನ ಮನೆಯ ಜೀನ್, ಒಂಟಿ ಮುದುಕಿ. ರಾತ್ರಿ ಚರಗಿ ತುಂಬಿ ಚೆಲ್ಲಿದ್ದು ಇಳಿದು ಅವರ ಛಾವಣಿಯಲ್ಲಿ ನೀರಿನ ಕಲೆ ಮೂಡಿತ್ತಂತೆ. ಸತ್ತೆ ಎಂದುಕೊಂಡೆ. ಆಕೆ ಬೈಯಲಿಲ್ಲ. ನನ್ನ ಕಣ್ಣು ನೋಡಿದರು, ಟ್ಯೂಬು ನೋಡಿದರು, ಚರಗಿ, ಕುಂಡ ನೋಡಿದರು.

“ಆ ನೀರಿಗೆ ತುಕ್ಕು ಹಿಡಿಯದಂತೆ ಔಷಧ ಹಾಕಿರುತ್ತಾರೆ ಮಗಳೇ, ಗಿಡ ಹೇಗೆ ಉಳಿದೀತು?” ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ, ಕೆಳಗೆ ಹೋಗಿ ನಟ್ಟು ತಿರುಗಿಸುವ ಪಾನಾ ತಂದರು. ಟ್ಯೂಬು ಬಿಚ್ಚಿ, ಕಾವು ಆರಿಸಿ, ನಟ್ಟು ಒರೆಸಿ, ಪಾನಾ ನನ್ನ ಕೈಗೇ ಕೊಟ್ಟರು. ನಾನು ಊರಿನ ರೂಢಿಯಂತೆ ಜೀವ ಬಿಟ್ಟು ತಿರುಗಿಸಹೊರಟೆ. ಗಪ್ಪನೆ ಕೈ ಹಿಡಿದರು: ಕಾಲು ಸುತ್ತು ಸಾಕು, ಹೆಚ್ಚಾದರೆ ಮುರಿಯುತ್ತದೆ. ತಿರುಗಿಸಿ, ಕೆಳಗೆ ಕಾಗದ ಹಾಸಿ, ಇಬ್ಬರೂ ಚಹಾ ಕುಡಿಯುತ್ತಾ ಕಾದೆವು. ಕಾಗದ ಒಣಗಿಯೇ ಇತ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ! ಮಾಲಕ ಮನೆ ಬಿಡಿಸಿಯಾನೆಂಬ ಹೆದರಿಕೆಯನ್ನೂ ಹೇಳಿಕೊಂಡೆ. ಅವನಿಗೆ ತಾವೇ ಫೋನು ಮಾಡುವುದಾಗಿ ಹೇಳಿ, ಇಷ್ಟಕ್ಕೆಲ್ಲ ಇಲ್ಲಿ ಯಾರೂ ಮನೆ ಬಿಡಿಸುವುದಿಲ್ಲ ಎಂದರು.

ಆಮೇಲೆ ಆ ಗಿಡ ಯಾವುದೆಂದು ಕೇಳಿದರು. ಹುಳಿ ಸೊಪ್ಪು, ಹೊಟ್ಟೆಯ ಕೂಸು ಕೇಳುತ್ತಿದೆ ಎಂದೆ. ಮರುದಿನ ತಮ್ಮ ಹಿತ್ತಲಿನ ಒಂದು ಹಿಡಿ ಸೊಪ್ಪು ತಂದರು. ಸಾರೆಲ್ ಎಂದು ಅದರ ಹೆಸರು. ಎಲೆ ಬೇರೆ, ಆದರೆ ಬಾಯಿಗಿಟ್ಟರೆ ಅದೇ ಹುಳಿ. ತೊಗರಿಬೇಳೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಆ ಮುದುಕಿಯ ಋಣ ನಾನು ತೀರಿಸಲಾರೆ.

ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಕೇಳಿ ಅವಳು ಹೇಳಿದಳು:

“ಕುರಿ ಬಿಟ್ಟು ಅಷ್ಟು ದೂರ ನಾ ಬರಾಕ ಆಗಂಗಿಲ್ಲವ್ವಾ. ಏಳನೇ ತಿಂಗಳ ಕುಬಸಕ್ಕ ಆ ಕೆಳಗಿನ ಮನಿ ಆಯಿನ್ನ ಕರಿ. ನನ್ನ ಬದಲಿ ಆಕಿನೇ ನಿನ್ನ ಉಡಿ ತುಂಬಲಿ.”

ಹೂಂ ಎಂದೆ. ಖುಷಿಯೇ ಆಗಿತ್ತು. ಆದರೂ, ನನಗ ನಿನ್ನ ಕೈನೇ ಬೇಕವ್ವಾ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.